ಒಂದು ಕ್ಯಾರೆಟ್ ಕಡಿಮೆ

ನಾನು ಅಜ್ಜಿಯಾಗಿದ್ದೇನೆ. ಇದನ್ನು ಮೊದಲು ಹೇಳಿಬಿಡದಿದ್ದರೆ ಮುಂದಿನದು ಬರೆಯೋಕೆ ಕೈ ಓಡುವುದಿಲ್ಲ. ಮೊಮ್ಮಗಳು ನಂಜನಗೂಡಿನಲ್ಲಿ, ಸೊಸೆಯ ತವರಿನಲ್ಲಿದ್ದಾಳೆ. ನಾನು ಇಲ್ಲಿ ಬೆಂಗಳೂರಿನ ಗಿರಿನಗರದ ಬಾಡಿಗೆ ಮನೆಯಲ್ಲಿ. ಮಗ ಮೈಸೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾನೆ, ಭಾನುವಾರ ಭಾನುವಾರ ಮಗು ನೋಡಲು ಓಡುತ್ತಾನೆ. ಚೊಚ್ಚಲ ಹೆರಿಗೆ ತವರಿನವರದ್ದು, ಬಾಣಂತನವೂ ಅವರದ್ದೇ. ಗಂಡಿನ ತಾಯಿ ಒಂದು ಸಲ ಹೋಗಿ ತೊಟ್ಟಿಲು ಇಣುಕಿ ಬರಬಹುದು, ಆಮೇಲೆ ಐದನೇ ತಿಂಗಳ ತನಕ ಕಾಯಬೇಕು. ಸದ್ಯಕ್ಕೆ ಫೋನಿನಲ್ಲಿರುವ ಹನ್ನೊಂದು ಫೋಟೋಗಳೇ ನನ್ನ ಪಾಲಿನ ಮೊಮ್ಮಗಳು. ಹಾಲಿನ ಬೂತಿನವರಿಗೆ ತೋರಿಸಿದ್ದೇನೆ, ಕೆಳಗಿನ ಮನೆಯವರಿಗೆ ಮೂರು ಸಲ ತೋರಿಸಿದ್ದೇನೆ. ಸಿಗ್ನಲ್ಲಿನಲ್ಲಿ ಒಬ್ಬ ಆಟೋದವರು ಹಿಂದೆ ತಿರುಗಿ ನೋಡಿ, ಮೂಗು ನಿಮ್ಮದೇ ಆಂಟಿ ಅಂದರು. ಆ ದಿನವೆಲ್ಲ ಕನ್ನಡಿ ಕಂಡಲ್ಲೆಲ್ಲ ನನ್ನ ಮೂಗು ನೋಡಿಕೊಂಡೆ. ಮನೆಯೊಳಗೆ ಕೇಳುವವರಿಲ್ಲದ ಸಂತೋಷ ಹೀಗೇ ಬೀದಿಯಲ್ಲಿ ಚೆಲ್ಲುತ್ತದೆ.

ಅವಳು ಹುಟ್ಟಿದ ತಿಂಗಳಲ್ಲೇ ನನ್ನ ಕೆಲಸ ಹೋಗುವುದರಲ್ಲಿತ್ತು. ಆ ಸಂಗತಿ ಹೇಳುತ್ತೇನೆ.

ನಾನು ಬನಶಂಕರಿಯ ಒಂದು ಸಹಕಾರ ಸೊಸೈಟಿಯಲ್ಲಿ ಅಪ್ರೈಸರ್. ಸಾಲಕ್ಕೆಂದು ಜನ ತರುವ ಒಡವೆಯನ್ನು ಒರೆಗಲ್ಲಿಗೆ ಉಜ್ಜಿ, ಗೆರೆಯ ಬಣ್ಣ ನೋಡಿ, ಎಷ್ಟು ಕ್ಯಾರೆಟ್ಟಿನ ಚಿನ್ನ ಎಂದು ಹೇಳುವುದು ನನ್ನ ಕೆಲಸ. ಒಟ್ಟು ತೂಕದಿಂದ ಕಲ್ಲು, ಒಳಗೆ ತುಂಬಿದ ಅರಗು, ದಾರ ಇವುಗಳ ತೂಕ ಕಳೆದು ಚೀಟಿ ಬರೆಯಬೇಕು. ಅಪ್ರೈಸರ್ ಅಂದರೆ ಸ್ಟಾಫ್ ಅಲ್ಲ. ಸ್ಟಾಫಿನವರು ಒಳಕೋಣೆಯಲ್ಲಿ ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ಮೇಜಿನ ಮೇಲೆ ಬೇರೆಯವರ ಒಡವೆ ಇರುವುದರಿಂದ ನಾನು ಎದ್ದು ಹೋಗುವ ಹಾಗಿಲ್ಲ, ನನ್ನ ಗಾಜಿನ ಗೂಡಿನಲ್ಲೇ ಡಬ್ಬಿ ಬಿಚ್ಚುತ್ತೇನೆ. ಗಿರಾಕಿಗಳೂ ನನ್ನ ಹತ್ತಿರ ಮಾತಾಡುವುದಿಲ್ಲ. ಒಡವೆ ಅಡ ಇಡಲು ಬಂದವರಿಗೆ ಬೇಗ ಮುಗಿಸಿ ಹೋದರೆ ಸಾಕಾಗಿರುತ್ತದೆ.

ಆ ಕುರ್ಚಿ ಮೊದಲು ನನ್ನ ಯಜಮಾನರದ್ದು. ಅಕ್ಕಸಾಲೆ ಕೆಲಸದಿಂದ ಬಂದವರು, ಸೊಸೈಟಿಯವರಿಗೆಲ್ಲ ಆಚಾರ್ರು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಯಿತು, ಆದರೂ ಗೆರೆ ಕಾಣುತ್ತದೆ ಅನ್ನುತ್ತಿದ್ದರು. ನಾನು ಊಟದ ಡಬ್ಬಿ ತರುವ ನೆಪದಲ್ಲಿ ಹೋಗಿ ಪಕ್ಕದಲ್ಲಿ ಕೂತು ಒರೆ ಹಚ್ಚತೊಡಗಿದೆ. ಸಾಯುವ ತನಕ ಹನ್ನೊಂದು ವರ್ಷ ಹಾಗೇ ನಡೆಯಿತು. ಕಲ್ಲು ಹಿಡಿಯುವುದನ್ನು ನನಗೆ ಕಲಿಸಿದವರು ಮಾವನವರು. ಆಗಿನ್ನೂ ನಾನು ಹೊಸ ಸೊಸೆ, ನೋಡಿದ್ದೆಲ್ಲ ಅಪರಂಜಿಯಾಗಿ ಕಾಣುತ್ತಿತ್ತು. ನಿನ್ನ ಬಾಯಿಗೆ ಎಷ್ಟು ಬರುತ್ತದೋ ಅದಕ್ಕಿಂತ ಒಂದು ಕಡಿಮೆ ಹೇಳು, ಆಗ ಸರಿಹೋಗುತ್ತದೆ ಅಂದಿದ್ದರು. ಕಣ್ಣು ಪಳಗಿದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಸೊಸೈಟಿಯಲ್ಲಿ ನಾನು ಇಪ್ಪತ್ತೊಂದು ಅಂದರೆ ಯಜಮಾನರು ಕಲ್ಲನ್ನು ಕಿಟಕಿ ಕಡೆ ಹಿಡಿದು, ಆಚೆ ಈಚೆ ಓರೆ ಮಾಡಿ, "ಇಪ್ಪತ್ತೆರಡು ಬರ್ಕೊ" ಅನ್ನುತ್ತಿದ್ದರು. ಬರೆಯುವವಳು ನಾನು, ಸಹಿ ಅವರದ್ದು. ಗಿರಾಕಿಗಳ ಮೇಲೆ ಇವರಿಗೆ ಕರುಣೆ ಜಾಸ್ತಿ ಅಂತ ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಅವರು ಹೋದ ಮೇಲೆ ಕುರ್ಚಿ ನನಗೆ ಸಿಕ್ಕಿದಾಗ, ಇನ್ನು ಮೇಲೆ ಕರುಣೆ ಬೇಡ, ಇದ್ದದ್ದು ಇದ್ದ ಹಾಗೆ ಬರೆಯೋಣ ಅಂದುಕೊಂಡೆ. ನಾಲ್ಕು ವರ್ಷ ಹಾಗೇ ಬರೆದೆ.

ಹೋದ ವರ್ಷ ಒಂದು ಸುತ್ತೋಲೆ ಬಂತು. ಅಪ್ರೈಸರುಗಳಿಗೆ ಇನ್ನು ಮುಂದೆ ಅರ್ಹತೆಯ ಸರ್ಟಿಫಿಕೇಟು ಬೇಕು. ಹತ್ತನೇ ತರಗತಿ ಪಾಸಾಗಿರಬೇಕು, ಇಲ್ಲವೇ ಹತ್ತು ವರ್ಷ ಕೆಲಸ ಮಾಡಿದ ದಾಖಲೆ ಇರಬೇಕು. ಅದರ ಮೇಲೆ ಹತ್ತು ದಿನದ ತರಬೇತಿ, ಬರಹದ ಪರೀಕ್ಷೆ, ಕೈಕೆಲಸದ ಪರೀಕ್ಷೆ. ಮೂರು ತಿಂಗಳಲ್ಲಿ ಸರ್ಟಿಫಿಕೇಟು ತರದವರು ಕುರ್ಚಿ ಬಿಡಬೇಕು. ನಾನು ಓದಿದ್ದು ನಾಲ್ಕನೇ ಕ್ಲಾಸು.

ಕಾರ್ಯದರ್ಶಿಗಳು ಒಳ್ಳೆಯವರು, ಆದರೆ ಕಾಗದ ಇಲ್ಲದೆ ಅವರ ಕೈ ಮುಂದೆ ಹೋಗುವುದಿಲ್ಲ. "ಆಂಟಿ, ನಿಮ್ಮ ಹೆಸರಲ್ಲಿರೋದು ನಾಲ್ಕೇ ವರ್ಷ. ಮಿಕ್ಕಿದ್ದೆಲ್ಲ ಆಚಾರ್ರ ಹೆಸರಲ್ಲಿದೆ. ನಾನೇನಂತ ಬರೀಲಿ?" ಅಂದರು.

ಹನ್ನೊಂದು ವರ್ಷ ನಾನು ಅಲ್ಲಿ ಇದ್ದೆ ಅನ್ನುವುದಕ್ಕೆ ಊಟದ ಡಬ್ಬಿ ಬಿಟ್ಟು ಸಾಕ್ಷಿ ಇರಲಿಲ್ಲ. ದಾರಿ ತೋರಿಸಿದವರು ಕ್ಯಾಷಿಯರ್ ಮೇಡಂ. ಹಳೇ ಚೀಟಿಗಳ ಕಟ್ಟು ತೆಗೆಸಿ ಕಾರ್ಯದರ್ಶಿಗಳ ಮುಂದೆ ಹರಡಿ, ಇಷ್ಟು ದಪ್ಪ ಅಕ್ಷರ ಆಚಾರ್ರದ್ದಲ್ಲ, ಸಹಿ ನೋಡಿ, ಬರಹ ನೋಡಿ ಅಂದರು. ಹೌದು, ನಾನು ಅಕ್ಷರವನ್ನು ಒತ್ತಿ ಒತ್ತಿ ಬರೆಯುತ್ತೇನೆ, ಹಿಂದಿನ ಹಾಳೆಯಲ್ಲೂ ಮೂಡುತ್ತದೆ. ಆ ಚೀಟಿಗಳ ನಕಲು ಲಗತ್ತಿಸಿ, ಈಕೆ ಸಹಾಯಕಿಯಾಗಿ ಕೆಲಸ ಮಾಡಿದ್ದಾರೆ ಅಂತ ಪತ್ರ ಕೊಟ್ಟರು. ಪರೀಕ್ಷೆಗೆ ಕೂರಲು ಒಪ್ಪಿಗೆ ಬಂತು.

ತರಬೇತಿ ಜಯನಗರದಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಹದಿನೆಂಟು ಜನ, ಹೆಂಗಸು ನಾನೊಬ್ಬಳೇ, ನರೆ ಕೂದಲೂ ನನ್ನದೊಂದೇ. ಮಿಕ್ಕವರೆಲ್ಲ ಫೈನಾನ್ಸ್ ಕಂಪನಿಗಳ ಹುಡುಗರು. ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ತೋರಿಸಿ ಕನ್ನಡದಲ್ಲಿ ವಿವರಿಸುತ್ತಿದ್ದರು. ಕಲಿಸುವವರೇ ಪರೀಕ್ಷಕರು, ಐವತ್ತು ದಾಟಿದ ಮನುಷ್ಯ, ಬೆರಳ ತುದಿಯೆಲ್ಲ ಆಸಿಡ್ಡಿನಿಂದ ಹಳದಿ. ಮೊದಲು ತೂಕ. ಆಮೇಲೆ ಭೂತಗನ್ನಡಿಯಲ್ಲಿ ಬೆಸುಗೆ ನೋಡುವುದು. ಹಾಲ್‌ಮಾರ್ಕ್ ಇದ್ದರೆ ಅದರ ನಂಬರನ್ನು ಫೋನಿನಲ್ಲಿ ಹಾಕಿ ತಾಳೆ ನೋಡುವುದು. ಇಲ್ಲದಿದ್ದರೆ ಕಾಣದ ಜಾಗದಲ್ಲಿ ಕಲ್ಲಿಗೆ ಉಜ್ಜಿ, ಪಕ್ಕದಲ್ಲೇ ಮಾದರಿ ಕಡ್ಡಿಗಳ ಗೆರೆ ಎಳೆದು, ಎರಡರ ಮೇಲೂ ಆಸಿಡ್ ಹಚ್ಚಿ ಯಾವುದಕ್ಕೆ ಯಾವುದು ಹೊಂದುತ್ತದೆ ನೋಡುವುದು. ಮಾದರಿ ಕಡ್ಡಿ ಅಂದರೆ ತುದಿಗೆ ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು ಹೀಗೆ ಗೊತ್ತಿರುವ ಕ್ಯಾರೆಟ್ಟಿನ ಚಿನ್ನ ಬೆಸೆದ ಹಿತ್ತಾಳೆ ಕಡ್ಡಿಗಳು. ನಮ್ಮ ಮನೆಯಲ್ಲಿ ಅವನ್ನು ಬಳಸುತ್ತಿರಲಿಲ್ಲ. ಕಡ್ಡಿ ಬೇಕಾದವನಿಗೆ ಕಣ್ಣಿಲ್ಲ ಅನ್ನುತ್ತಿದ್ದರು ಮಾವನವರು.

ಚೀಟಿ ಬರೆಯುವುದಕ್ಕೇ ಎರಡು ದಿನ ಪಾಠ. ನೋಡಿದ್ದನ್ನು ಬರೆಯುವ ಹಾಗೆ ನೋಡದ್ದನ್ನೂ ಬರೆಯಬೇಕಂತೆ: ಒಳಗೆ ಅರಗಿದೆ, ಬಿಚ್ಚಿ ನೋಡಿಲ್ಲ ಅಂತ. ನಮ್ಮ ಸಂಬಂಧಿಕರ ಒಡವೆಗೆ ಚೀಟಿ ಬರೆಯಬಾರದು. ಮತ್ತೆ ಇನ್ನೊಂದು ನಿಯಮ, ಅದನ್ನು ನೋಟ್‌ಬುಕ್ಕಿನಲ್ಲಿ ಎಂದಿನಂತೆ ಒತ್ತಿ ಬರೆದುಕೊಂಡಿದ್ದೆ. ಹಿಂದೆ ಕೊಟ್ಟ ಚೀಟಿಯಲ್ಲಿ ತಪ್ಪಿದೆ ಎಂದು ತಿಳಿದರೆ, ಆ ಚೀಟಿ ನಂಬಿದವರಿಗೆ ತಿಳಿಸಬೇಕು.

ನಾಲ್ಕನೇ ದಿನ ಮೊಮ್ಮಗಳು ಹುಟ್ಟಿದಳು. ಫೋನು ಹೊರಗಿನ ಡಬ್ಬದಲ್ಲಿ ಇಟ್ಟು ಬರಬೇಕಿತ್ತು. ಊಟದ ಹೊತ್ತಿಗೆ ತೆಗೆದು ನೋಡಿದರೆ ಮಗನ ಹದಿನಾರು ಕರೆ. ಮೆಟ್ಟಿಲ ಮೇಲೇ ಕೂತುಬಿಟ್ಟೆ. ಆಮೇಲೆ ಕೆಳಗಿಳಿದು ಅರ್ಧ ಕೆಜಿ ಮೈಸೂರು ಪಾಕ್ ತಂದು ಎಲ್ಲರಿಗೂ ಹಂಚಿದೆ. ಹುಡುಗರು ಕಂಗ್ರಾಟ್ಸ್ ಆಂಟಿ ಅಂತ ತಿಂದರು, ಒಬ್ಬ ಇನ್ನೊಂದು ಚೂರು ಕೇಳಿದ, ಮತ್ತೆ ಅವರವರ ಫೋನಿಗೆ ಹೋದರು. ಅವರ ತಪ್ಪೇನಿಲ್ಲ. ಅಷ್ಟು ದೊಡ್ಡ ಸಂಗತಿ ಎರಡು ನಿಮಿಷಕ್ಕೆ ಮುಗಿದುಹೋಯಿತಲ್ಲ ಅಂತ ಖಾಲಿ ಡಬ್ಬ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ.

ಬರಹದ ಪರೀಕ್ಷೆ ಹೇಗೋ ದಾಟಿದೆ. ಕೈಕೆಲಸದ ದಿನ ಪ್ರತಿಯೊಬ್ಬರ ಮುಂದೆ ಗುರುತಿಲ್ಲದ ಐದು ಒಡವೆ ಇಟ್ಟರು. ಹುಡುಗರು ಕಡ್ಡಿ, ಆಸಿಡ್, ಭೂತಗನ್ನಡಿ ಅಂತ ಒದ್ದಾಡುತ್ತಿದ್ದರೆ ನಾನು ಕಡ್ಡಿಯ ಕಟ್ಟು ಬಿಚ್ಚಲೇ ಇಲ್ಲ. ಕಲ್ಲಿಗೆ ಉಜ್ಜಿದೆ, ನೋಡಿದೆ, ಬರೆದೆ. ಎಲ್ಲರಿಗಿಂತ ಮೊದಲು ಎದ್ದೆ. ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ.

ಸಂಜೆ ಪರೀಕ್ಷಕರು ನನ್ನನ್ನು ಒಳಗೆ ಕರೆದರು. "ಅಮ್ಮ, ಐದಕ್ಕೆ ಐದೂ ತಪ್ಪು," ಅಂದರು. ನಾನು ನಂಬಲಿಲ್ಲ. ಅವರು ನನ್ನ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. "ತಪ್ಪು ಮಾಡೋರು ಒಂದ್ರಲ್ಲಿ ಮೇಲೆ ಹೋಗ್ತಾರೆ, ಒಂದ್ರಲ್ಲಿ ಕೆಳಗೆ ಬರ್ತಾರೆ. ನಿಮ್ದು ಐದೂ ಸರಿಯಾಗಿ ಒಂದೊಂದು ಕ್ಯಾರೆಟ್ ಕಡಿಮೆ. ಇಂಥಾ ಕಣ್ಣು ನಾನು ನೋಡಿಲ್ಲ. ಆದ್ರೆ ಪಾಸ್ ಮಾಡೋಕಾಗಲ್ಲ."

ಆಮೇಲೆ ನನ್ನ ಕಲ್ಲಿನ ಮೇಲೆ, ನಾನು ಇಪ್ಪತ್ತೊಂದು ಅಂತ ಬರೆದ ಗೆರೆಯ ಪಕ್ಕದಲ್ಲಿ ಇಪ್ಪತ್ತೆರಡರ ಕಡ್ಡಿ ಎಳೆದರು. ಎರಡು ಗೆರೆಗೂ ಕೂದಲೆಳೆ ವ್ಯತ್ಯಾಸ ಇರಲಿಲ್ಲ. ಹತ್ತೊಂಬತ್ತು ಅಂದದ್ದರ ಪಕ್ಕ ಇಪ್ಪತ್ತು ಎಳೆದರು. ಅದೂ ಹಾಗೇ.

ಬಸ್ಸಿನಲ್ಲಿ ಕೂತಾಗ ನನಗೆ ಪರೀಕ್ಷೆ ಫೇಲಾದದ್ದು ನೆನಪಿರಲಿಲ್ಲ. ಯಜಮಾನರು ಕಲ್ಲನ್ನು ಕಿಟಕಿಗೆ ಹಿಡಿಯುತ್ತಿದ್ದದ್ದೇ ಕಣ್ಣಿಗೆ ಕಟ್ಟಿತ್ತು. ಅವರಿಗೆ ಗೆರೆ ಕಾಣುತ್ತಲೇ ಇರಲಿಲ್ಲ. ತಮ್ಮ ಅಪ್ಪ ನನಗೆ ಹೇಳಿಕೊಟ್ಟದ್ದು ಅವರಿಗೆ ಗೊತ್ತಿತ್ತು, ನಾನು ಹೇಳಿದ್ದಕ್ಕೆ ಒಂದು ಸೇರಿಸುತ್ತಿದ್ದರು, ಅಷ್ಟೇ. ಹನ್ನೊಂದು ವರ್ಷ ನನ್ನ ಕಣ್ಣನ್ನೇ ನಂಬಿ ಸಹಿ ಹಾಕಿದರು, ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅವರಿಗೆ ಕಾಣುವುದಿಲ್ಲ ಅಂತ ನನಗೆ ತಿಳಿದುಬಿಡುತ್ತಿತ್ತಲ್ಲ. ನಾನು ಅದನ್ನು ಕರುಣೆ ಅಂದುಕೊಂಡೆ, ಅವರು ಹೋದ ಮೇಲೆ ಆ ಒಂದನ್ನು ತೆಗೆದುಹಾಕಿದೆ. ಹಾಲ್‌ಮಾರ್ಕ್ ಇದ್ದ ಒಡವೆಗೆ ಅದರಲ್ಲಿದ್ದದ್ದನ್ನೇ ಬರೆಯುತ್ತಿದ್ದೆ, ಅಲ್ಲಿ ತಪ್ಪಿಲ್ಲ. ಹಾಲ್‌ಮಾರ್ಕ್ ಇಲ್ಲದ ಹಳೇ ಒಡವೆಗಳಿಗೆಲ್ಲ, ಅಮ್ಮ ಕೊಟ್ಟದ್ದು, ಅಜ್ಜಿ ಕೊಟ್ಟದ್ದು ಅಂತ ಬಂದದ್ದಕ್ಕೆಲ್ಲ, ನಾಲ್ಕು ವರ್ಷ ಒಂದೊಂದು ಕಡಿಮೆ ಬರೆದು ಕೊಟ್ಟಿದ್ದೆ, ಅಷ್ಟರಮಟ್ಟಿಗೆ ಅವರಿಗೆ ಸಾಲವೂ ಕಡಿಮೆ ಸಿಕ್ಕಿತ್ತು.

ಮೂರು ವಾರ ಬಿಟ್ಟು ಇನ್ನೊಂದು ಅವಕಾಶ ಇತ್ತು. ಕಡ್ಡಿ ಬಳಸಿ ಪಾಸಾಗಿ ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ದಿನ ಹಾಗೇ ಅಂದುಕೊಂಡೂ ಇದ್ದೆ. ಆ ಕುರ್ಚಿ ಹೋದರೆ ನನಗೆ ಉಳಿಯುವುದು ಎರಡು ಕೋಣೆ, ಒಂದು ಫೋನು. ಇಡೀ ದಿನದಲ್ಲಿ ಯಾರಾದರೂ ನನ್ನ ಮುಖ ನೋಡಿ, ಎಷ್ಟು ಹೇಳಿ ಅನ್ನುವುದು ಅಲ್ಲೊಂದು ಕಡೆಯೇ. ಮೂರನೇ ದಿನ ಫೋಟೋದಲ್ಲಿ ಮೊಮ್ಮಗಳ ಕೈ ನೋಡುತ್ತಿದ್ದೆ, ಮುಷ್ಟಿ ಬಿಗಿ ಹಿಡಿದಿದ್ದಾಳೆ. ಇವಳಿಗೆ ಬಳೆ ಮಾಡಿಸಬೇಕು ಅಂದುಕೊಂಡೆ. ಇಪ್ಪತ್ತೆರಡರದ್ದೇ ಆಗಬೇಕು ಅಂದುಕೊಂಡೆ. ಹಾಗೆ ಅಂದುಕೊಂಡು ಮಾಡಿಸಿದ ಎಷ್ಟು ಜನರ ಬಳೆಗೆ ನಾನು ಇಪ್ಪತ್ತೊಂದು ಅಂತ ಬರೆದಿದ್ದೇನೋ ಅನ್ನಿಸಿದ ಮೇಲೆ ಆ ಫೋಟೋ ನೋಡಲು ಆಗಲಿಲ್ಲ. ಫೋನು ಮಗುಚಿಟ್ಟು ಹಾಳೆ ತೆಗೆದುಕೊಂಡೆ. ಒಂದು ಪುಟದ ಪತ್ರಕ್ಕೆ ಒಂದು ಮಧ್ಯಾಹ್ನ ಹಿಡಿಯಿತು.

ಕಾರ್ಯದರ್ಶಿಗಳು ಪತ್ರವನ್ನು ಎರಡು ಸಲ ಓದಿ ಬಾಗಿಲು ಹಾಕಿಕೊಂಡರು. "ಸೊಸೈಟಿಗೇನೂ ಲಾಸ್ ಆಗಿಲ್ವಲ್ಲ ಆಂಟಿ. ಕಡಿಮೆ ಬರೆದ್ರೆ ನಮಗೆ ಸೇಫೇ. ಸುಮ್ನೆ ಯಾಕೆ ಕೆದಕ್ತೀರಿ?"

"ಸೊಸೈಟಿಗೆ ಆಗಿಲ್ಲ ಸಾರ್. ಒಡವೆಯೋರಿಗೆ ಆಗಿದೆ."

"ಕಮಿಟಿ ಮುಂದೆ ಇಟ್ರೆ ನಿಮ್ಮನ್ನ ಉಳಿಸ್ಕೋತಾರೆ ಅನ್ನೋ ಗ್ಯಾರಂಟಿ ಇಲ್ಲ ನೋಡಿ."

ಗೊತ್ತು ಅಂದೆ. ಗೊತ್ತಿತ್ತು ಕೂಡ. ಪತ್ರ ಮೇಜಿನ ಮೇಲೆ ಬಿಟ್ಟು ಬಂದೆ.

ಕಮಿಟಿಯವರು ನನ್ನನ್ನು ಕುರ್ಚಿಯಿಂದ ಇಳಿಸಿದರು. ಇನ್ನೂ ಲಾಕರಿನಲ್ಲಿದ್ದ, ಹಾಲ್‌ಮಾರ್ಕ್ ಇಲ್ಲದ ಒಡವೆಗಳನ್ನು ಹೊರಗಿನ ಅಪ್ರೈಸರ್ ಒಬ್ಬರು ಮತ್ತೆ ನೋಡಬೇಕು, ಸರ್ಟಿಫಿಕೇಟು ಬಂದರೆ ಮಾತ್ರ ನನ್ನ ವಿಷಯ ಯೋಚಿಸಬೇಕು ಅಂತ ತೀರ್ಮಾನವಾಯಿತು. ಪೊಟ್ಟಣದ ಅರಗಿನ ಮೊಹರು ಒಡೆಯಲು ಒಡವೆಯವರ ಒಪ್ಪಿಗೆ ಬೇಕು. ಫೋನು ಮಾಡುವ ಕೆಲಸ ನನಗೇ ಕೊಡಿ ಅಂತ ನಾನೇ ಕೇಳಿದೆ. ನಲವತ್ತಮೂರು ಪೊಟ್ಟಣ. ಪ್ರತಿಯೊಬ್ಬರಿಗೂ ಅದೇ ಮಾತು: ನಾನು ಅಪ್ರೈಸರ್ ಮಾತಾಡುತ್ತಿರುವುದು, ನಿಮ್ಮ ಒಡವೆಗೆ ನಾನು ಕಡಿಮೆ ಬರೆದಿರಬಹುದು, ಮತ್ತೆ ನೋಡಲು ಒಪ್ಪಿಗೆ ಕೊಡಿ. ಬಹಳ ಜನ ಆಯಿತು ಬಿಡಿ ಆಂಟಿ ಅಂದರು. ಒಬ್ಬರು, ನಿಮ್ಮಂಥವರನ್ನೆಲ್ಲ ಯಾಕೆ ಕೂರಿಸುತ್ತಾರೋ ಅಂತ ಬೈದು ಫೋನು ಇಟ್ಟರು. ಬೈಸಿಕೊಂಡದ್ದು ವಾಸಿ ಅನ್ನಿಸಿತು.

ಉತ್ತರಹಳ್ಳಿಯ ಒಬ್ಬ ಹೆಂಗಸಿಗೂ ಫೋನು ಮಾಡಿದೆ. ವಿಜಯಪುರದ ಕಡೆಯವರು, ಇಲ್ಲಿ ಜೋಳದ ರೊಟ್ಟಿ ಬಡಿದು ಹಾಸ್ಟೆಲುಗಳಿಗೆ ಕೊಡುತ್ತಾರೆ. ಅವರು ಇಟ್ಟದ್ದು ಒಂದು ಜೋಡಿ ಪಾಟ್ಲಿ, ಅಗಲದ ಬಳೆ, ಮದುವೆಯಲ್ಲಿ ತಾಯಿ ಹಾಕಿದ್ದು. ವಿಷಯ ಹೇಳಿದ ಮೇಲೆ ಲೈನು ಕಟ್ಟಾಯಿತೇನೋ ಅಂತ ನಾನು ಹಲೋ ಹಲೋ ಅಂದೆ.

"ಅದೀನ್ರಿ," ಅಂದರು. "ಎರಡು ವರ್ಷ ಆತ್ರಿ, ನಮ್ಮವ್ವನ ಕೂಡ ಮಾತು ಬಿಟ್ಟು."

ಆಮೇಲೆ ನಿಧಾನಕ್ಕೆ ಹೇಳಿದರು. ಇಪ್ಪತ್ತೆರಡು ಅಂತ ಹೇಳಿ ತಾಯಿ ಕೊಟ್ಟದ್ದು. ನನ್ನ ಚೀಟಿ ನೋಡಿ ಗಂಡ ನಕ್ಕನಂತೆ, ನಿಮ್ಮ ತವರಿನ ಬಂಗಾರ ಇಷ್ಟೇ ಅಂತ. ಇವರು ಆ ಸಿಟ್ಟಿನಲ್ಲಿ ತಾಯಿಗೆ ಫೋನು ಮಾಡಿ ಕೇಳಬಾರದ್ದನ್ನೆಲ್ಲ ಕೇಳಿದರಂತೆ. ತಾಯಿ ಇಪ್ಪತ್ತೆರಡೇ ಅಂತ ಒಂದೇ ಮಾತು ಹೇಳಿ ಇಟ್ಟರಂತೆ. ಅಲ್ಲಿಂದಾಚೆ ಇವರೂ ಮಾಡಲಿಲ್ಲ, ಅವರೂ ಮಾಡಲಿಲ್ಲ.

ತಪ್ಪಾಯಿತು ಅಂದದ್ದು ಅವರಿಗೆ ಕೇಳಿಸಿತೋ ಇಲ್ಲವೋ. ಒಂದು ಕ್ಯಾರೆಟ್ ಅಂದರೆ ನನ್ನ ಲೆಕ್ಕದಲ್ಲಿ ಗೆರೆಯ ಬಣ್ಣದಲ್ಲಿ ಒಂದಿಷ್ಟು ಕೆಂಪು, ಅಷ್ಟೇ ಆಗಿತ್ತು.

ಹೊರಗಿನ ಅಪ್ರೈಸರ್ ಎರಡು ದಿನ ಕೂತರು. ಕಮಿಟಿಯವರೊಬ್ಬರ ಎದುರಿಗೆ ಮೊಹರು ಒಡೆಯುವುದು, ತೂಕ ಹಾಕುವುದು, ಕಡ್ಡಿ ಎಳೆಯುವುದು, ಮತ್ತೆ ಮೊಹರು ಹಾಕುವುದು. ನಾನು ಗೋಡೆ ಪಕ್ಕದ ಸ್ಟೂಲಿನಲ್ಲಿ ಕೂತು ಅವರು ಹೇಳಿದ್ದನ್ನು ಬರೆದುಕೊಂಡೆ. ಮೂರು ಪೊಟ್ಟಣ ಬಿಟ್ಟು ಮಿಕ್ಕ ಎಲ್ಲವೂ ನಾನು ಬರೆದದ್ದಕ್ಕಿಂತ ಒಂದು ಮೇಲೆ, ಅವಕ್ಕೆಲ್ಲ ಹೊಸ ಚೀಟಿ ಕಳಿಸಿದರು. ಆ ಮೂರರಲ್ಲಿ ಪಾಟ್ಲಿ ಇರಬಾರದು ಅಂತ ಬೇಡಿಕೊಂಡಿದ್ದೆ. ಇರಲಿಲ್ಲ.

ಎರಡನೇ ಪರೀಕ್ಷೆಗೆ ಹೋದಾಗ ಐದು ಒಡವೆಗೂ ಕಡ್ಡಿ ಎಳೆದೆ. ಮೊದಲು ಮನಸ್ಸಿಗೆ ಬಂದದ್ದನ್ನು ಕಳೆಯದೆ ಹಾಗೇ ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಂಡು, ಆಮೇಲೆ ಕಡ್ಡಿ ಏನು ಹೇಳುತ್ತದೆ ನೋಡುವುದು. ಐದೂ ಹೊಂದಿದವು. ಆದರೂ ಪ್ರತಿ ಸಲ ಬರೆಯುವ ಮುಂಚೆ ಕೈ ಒಂದು ಗಳಿಗೆ ನಿಲ್ಲುತ್ತಿತ್ತು, ಯಾರೋ ಒಂದು ಸೇರಿಸಿ ಹೇಳಲಿ ಅಂತ ಕಾಯುವ ಹಾಗೆ. ಎಲ್ಲರಿಗಿಂತ ಕೊನೆಗೆ ಎದ್ದೆ. ಪರೀಕ್ಷಕರು ಹಾಳೆ ನೋಡಿ, "ಈಗ ಸರಿ ಅಮ್ಮ," ಅಂದರು. ಅವರಿಗೂ ಫೋಟೋ ತೋರಿಸಿದೆ, ಬಿಡಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಒಡವೆ ನೋಡುವಷ್ಟೇ ನಿಧಾನವಾಗಿ ನೋಡಿದರು.

ಕಮಿಟಿ ನನ್ನನ್ನು ಮತ್ತೆ ಕೂರಿಸಿತು. ಒಂದು ವರ್ಷ ನನ್ನ ಚೀಟಿಗಳನ್ನು ಆಗಾಗ ಹೊರಗಿನವರಿಂದ ತಪಾಸಣೆ ಮಾಡಿಸುವ ಷರತ್ತು ಹಾಕಿತು. ಒಪ್ಪಿದೆ, ಖುಷಿಯಿಂದಲೇ.

ವಾಪಸ್ ಕೂತ ವಾರದಲ್ಲೇ ಒಂದು ಬೆಳಿಗ್ಗೆ ಗಾಜಿನ ಆಚೆ ಇಬ್ಬರು ಹೆಂಗಸರು ಬಂದು ನಿಂತರು. ಒಬ್ಬರು ರೊಟ್ಟಿಯವರು. ಅವರ ಹಿಂದೆ ಇಳಕಲ್ ಸೀರೆಯ ಮುದುಕಿ, ಕೈಯಲ್ಲಿ ಬಟ್ಟೆಯ ಚೀಲ, ರಾತ್ರಿ ಬಸ್ಸಿನಲ್ಲಿ ಬಂದಿಳಿದ ಮುಖ. ಇಬ್ಬರ ನಡುವೆ ಇನ್ನೂ ಒಬ್ಬರು ನಿಲ್ಲುವಷ್ಟು ಜಾಗ ಇತ್ತು. ಪರಿಚಯ ಮಾಡಿಕೊಡದೆ ಮಗಳು, "ಅಕ್ಕಾರ, ಚೀಟಿ ಓದಾಕ ಬರಂಗಿಲ್ಲ ಆಕಿಗೆ. ನೀವs ಬಾಯಿಲೆ ಹೇಳ್ರಿ," ಅಂದರು.

ನಾನು ಎದ್ದು ನಿಂತೆ. "ಅಮ್ಮ, ನೀವು ಮಗಳಿಗೆ ಕೊಟ್ಟಿದ್ದು ಇಪ್ಪತ್ತೆರಡೇ. ತಪ್ಪು ಬರೆದೋಳು ನಾನು," ಅಂದೆ.

ಮುದುಕಿ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಅವರು ತಮ್ಮ ಕೈಯಲ್ಲಿದ್ದ ಬಳೆ ಕಳಚತೊಡಗಿದರು. ಗಂಟು ಬಿದ್ದ ಬೆರಳು, ಬಳೆ ಸುಲಭಕ್ಕೆ ಬರಲಿಲ್ಲ. ಕಳಚಿ ಗಾಜಿನ ಕೆಳಗಿನ ಕಿಂಡಿಯಿಂದ ನನ್ನ ಕಡೆ ತಳ್ಳಿ, "ಇದನ್ನೂ ತಿಕ್ಕಿ ನೋಡ್ರಿ," ಅಂದರು.

ಕಲ್ಲಿಗೆ ಉಜ್ಜಿದೆ. ಕಡ್ಡಿ ಎಳೆದೆ, ಆಸಿಡ್ ಹಚ್ಚಿದೆ. ಬೇರೆ ಜಾಗದಲ್ಲಿ ಇನ್ನೊಂದು ಸಲ ಉಜ್ಜಿದೆ. ಹದಿನೆಂಟು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದರು. ಇಪ್ಪತ್ತು ಅಂದುಬಿಟ್ಟರೆ ಯಾರಿಗೆ ಏನು ನಷ್ಟ, ಸಾಲಕ್ಕೆ ತಂದದ್ದೂ ಅಲ್ಲ.

"ಹದಿನೆಂಟು ಅಮ್ಮ," ಅಂದೆ.

"ನನಗ ಗೊತ್ತೈತಿ ಬಿಡ್ರಿ," ಅಂದರು ಮುದುಕಿ. "ಛಲೋ ಬಂಗಾರ ಒಂದs ಜೋಡಿಗೆ ಆಗೂವಷ್ಟಿತ್ತು. ಅದನ್ನ ಆಕಿಗೆ ಹಾಕಿ ಕಳಿಸಿದೆ."

ನಾನು ಬಳೆಯನ್ನು ಒರೆಸಿ ಕಿಂಡಿಯಿಂದ ಆಚೆ ಇಟ್ಟೆ. ಮುದುಕಿ ಕೈ ಚಾಚುವ ಮೊದಲೇ ಮಗಳು ಅದನ್ನು ಎತ್ತಿಕೊಂಡು, ತಾಯಿಯ ಕೈ ಹಿಡಿದು, ಗಂಟಿನ ಬೆರಳುಗಳನ್ನು ಒಂದೊಂದಾಗಿ ಒತ್ತುತ್ತ ನಿಧಾನವಾಗಿ ತೊಡಿಸತೊಡಗಿದರು.